ಓಪಿಡಿ, ಡೇ ಕೇರ್ ಕ್ಲೇಮ್‌ಗಳು ಯಾಕೆ ಇಷ್ಟೊಂದು ವಾಪಸ್ ಬರುತ್ತಿವೆ? ಆಸ್ಪತ್ರೆ ಕಡೆಯಿಂದ ಏನು ಮಾಡಬಹುದು?

ದಾವಣಗೆರೆ ಡೆಸ್ಕ್

ಎಲ್ಲರಿಗೂ ನಮಸ್ಕಾರ. ಒಂದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಡೆಸ್ಕ್ ನೋಡಿಕೊಳ್ಳುತ್ತೇನೆ. ದೊಡ್ಡ ಆಪರೇಷನ್‌ಗಳ ಕ್ಲೇಮ್ ನಮಗೆ ಅಷ್ಟು ಕಾಟ ಕೊಡುವುದಿಲ್ಲ. ಸ್ಟೆಂಟ್, ಮಂಡಿ ಬದಲಾವಣೆ, ಹರ್ನಿಯಾ, ಇವಕ್ಕೆ ಕ್ವೆರಿ ಬಂದರೂ ಕೊನೆಗೆ ಪಾಸ್ ಆಗುತ್ತವೆ. ಕಾಟ ಇರುವುದು ಓಪಿಡಿಯಿಂದ, ಅಂದರೆ ಹೊರರೋಗಿ ವಿಭಾಗದಿಂದ ಬರುವ ಸಣ್ಣ ಮೊತ್ತದ ಕೇಸ್‌ಗಳಲ್ಲಿ. ಬೆಳಿಗ್ಗೆ ಬಂದು ಸಂಜೆ ಹೋಗುವ ಡೇ ಕೇರ್‌ನವರು, ಒಂದು ರಾತ್ರಿ ಇದ್ದು ಹೋಗುವವರು, ಅಡ್ಮಿಟ್ ಆಗುವ ಮೊದಲು ಸ್ಕ್ಯಾನು, ರಕ್ತಪರೀಕ್ಷೆ ಅಂತ ಓಡಾಡಿದವರು.

ಈಚಿನ ಒಂದು ಕೇಸ್ ಹೇಳುತ್ತೇನೆ. ವಯಸ್ಸಾದ ಹೆಂಗಸು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ರೆಟಿನಾ ಊದಿಕೊಂಡಿತ್ತು. ಕಣ್ಣೊಳಗೆ ಇಂಜೆಕ್ಷನ್ ಕೊಟ್ಟರು, ಓಟಿಯಲ್ಲೇ (ಆಪರೇಷನ್ ಥಿಯೇಟರ್) ಕೊಟ್ಟರು. ಕ್ಲೇಮ್ ವಾಪಸ್ ಬಂತು: ‘ಇದು ಓಪಿಡಿ ಚಿಕಿತ್ಸೆ, ಪಾಲಿಸಿಯಲ್ಲಿ ಸೇರುವುದಿಲ್ಲ.’ ಅವರ ಮಗ ಆ ಪತ್ರ ತಂದು ಕೌಂಟರ್ ಮೇಲಿಟ್ಟು ನನ್ನ ಮುಖ ನೋಡಿದರು. ನಾವು ಕಂಪನಿ ಕಡೆ ಬೆರಳು ತೋರಿಸಿದೆವು, ಕಂಪನಿಯವರು ನಮ್ಮ ಕಡೆ ತೋರಿಸಿದರು.

ರಿಜೆಕ್ಟ್ ಆದ ಮೇಲೆ ಎಲ್ಲೆಲ್ಲಿ ದೂರು ಕೊಡಬಹುದು ಅಂತ ಸುಮಾರಾಗಿ ಗೊತ್ತಿದೆ. ಆದರೆ ರಿಜೆಕ್ಟ್ ಆಗದ ಹಾಗೆ ಓಪಿಡಿಯಲ್ಲೇ ಏನು ಮಾಡಬಹುದು? ನಮ್ಮಲ್ಲಿ ಸ್ಟಾಫ್ ಜಾಸ್ತಿ ಇಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದು ಹೇಳಿ.

ಮಾಜಿ ಟಿಪಿಎ ಡಾಕ್ಟರ್

ಕೆಲವು ವರ್ಷ ಒಂದು ಟಿಪಿಎಯಲ್ಲಿ (ವಿಮೆ ಕಂಪನಿಗಳ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಕ್ಲೇಮ್ ಪರಿಶೀಲಿಸುವ ಡಾಕ್ಟರ್ ಆಗಿದ್ದೆ. ಈಗ ಬಿಟ್ಟಿದ್ದೇನೆ. ಮೇಜಿನ ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಫೈಲ್ ನೋಡುವವನಿಗೆ ಪೇಷೆಂಟ್ ಕಾಣುವುದಿಲ್ಲ. ಅವನ ಹತ್ತಿರ ಇರುವುದು ಕಾಗದ, ಜೊತೆಗೆ ಪಾಲಿಸಿಯ ವ್ಯಾಖ್ಯೆ. ಓಪಿಡಿ ಅಂದರೇನು, ಡೇ ಕೇರ್ ಅಂದರೇನು ಅನ್ನುವುದನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ರೀತಿ ಬರೆದುಕೊಟ್ಟಿದೆ. ಕ್ಲಿನಿಕ್ಕಿಗೋ ಕನ್ಸಲ್ಟಿಂಗ್ ರೂಮಿಗೋ ಬಂದು ತೋರಿಸಿಕೊಂಡು, ಒಳರೋಗಿಯಾಗಿಯೂ ಡೇ ಕೇರ್ ಆಗಿಯೂ ದಾಖಲಾಗದೆ ಹೋದರೆ ಅದು ಓಪಿಡಿ. ಡೇ ಕೇರ್ ಆಗಬೇಕಾದರೆ ಚಿಕಿತ್ಸೆ ಜನರಲ್ ಅಥವಾ ಲೋಕಲ್ ಅನಸ್ತೇಶಿಯಾದಲ್ಲಿ ಆಗಬೇಕು. ಹಿಂದೆ 24 ಗಂಟೆಗಿಂತ ಹೆಚ್ಚು ಇರಬೇಕಾಗಿದ್ದದ್ದು ಈಗ ತಂತ್ರಜ್ಞಾನ ಮುಂದುವರಿದ ಕಾರಣ ಅಷ್ಟರೊಳಗೆ ಮುಗಿಯುವಂಥದ್ದಾಗಿರಬೇಕು. ಕೊನೆಗೆ ಒಂದು ಸಾಲು ಇದೆ: ಸಾಮಾನ್ಯವಾಗಿ ಓಪಿಡಿಯಲ್ಲಿ ಕೊಡುವ ಚಿಕಿತ್ಸೆ ಇದರಲ್ಲಿ ಸೇರುವುದಿಲ್ಲ. ನಿಮಗೆ ಬರುವ ರಿಜೆಕ್ಷನ್ ಪತ್ರಗಳಲ್ಲಿ ಬಹಳಷ್ಟು ಈ ಒಂದು ಸಾಲಿನ ಮೇಲೆ ನಿಂತಿರುತ್ತವೆ.

ಈಗ ನಿಮ್ಮ ಕಣ್ಣಿನ ಇಂಜೆಕ್ಷನ್. 2019ರಲ್ಲಿ ಐಆರ್‌ಡಿಎಐ 12 ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿ, ಇವನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಅಂತ ಹೇಳಿತು. ಮಾತ್ರೆ ರೂಪದ ಕೀಮೋಥೆರಪಿ, ರೋಬೋಟಿಕ್ ಸರ್ಜರಿ, ಬಲೂನ್ ಸೈನುಪ್ಲಾಸ್ಟಿ ಇವುಗಳ ಜೊತೆ ಕಣ್ಣೊಳಗಿನ ಇಂಜೆಕ್ಷನ್ನೂ ಆ ಪಟ್ಟಿಯಲ್ಲಿದೆ. ಕಂಪನಿ ಅದಕ್ಕೆ ಮಿತಿ ಹಾಕಬಹುದು. ಆರೋಗ್ಯ ಸಂಜೀವಿನಿ ಅನ್ನುವ ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ವಿಮಾ ಮೊತ್ತದ 50% ಮಿತಿ ಇದೆ. ಆದರೆ ಪೂರ್ತಿ ಇಲ್ಲ ಅನ್ನುವಂತಿಲ್ಲ. ಹಾಗಿದ್ದರೂ ಯಾಕೆ ರಿಜೆಕ್ಟ್ ಆಗುತ್ತದೆ? ನಿಮ್ಮ ಫೈಲ್ ತೆಗೆದು ನೋಡಿ. ಓಟಿ ನೋಟ್ಸ್ ಇದೆಯಾ? ಅನಸ್ತೇಶಿಯಾ ಏನು ಕೊಟ್ಟಿರಿ ಅಂತ ಬರೆದಿದೆಯಾ? ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು? ರೆಟಿನಾದ ಓಸಿಟಿ ಸ್ಕ್ಯಾನ್ ಇಟ್ಟಿದ್ದೀರಾ? ಬಿಲ್ಲಿನಲ್ಲಿ ‘ಪ್ರೊಸೀಜರ್ ಚಾರ್ಜ್’ ಅಂತ ಒಂದೇ ಸಾಲು, ಜೊತೆಗೊಂದು ಓಪಿ ಚೀಟಿ ಇದ್ದರೆ, ಪಟ್ಟಿ ಗೊತ್ತಿರುವವನು ಕೂಡ ಓಪಿಡಿ ಅಂತಲೇ ಬರೆಯುತ್ತಾನೆ.

ಇನ್ನೊಂದು ದೊಡ್ಡ ಗುಂಪು ‘ಎಕ್ಸ್‌ಕ್ಲೂಷನ್ 04’. ಬರೀ ಪರೀಕ್ಷೆ ಮಾಡಿಸಲು ಅಡ್ಮಿಟ್ ಆದರೆ ದುಡ್ಡಿಲ್ಲ ಅನ್ನುವ ಷರತ್ತು. ಜ್ವರ, ಎದೆನೋವು, ತಲೆಸುತ್ತು, ಹೊಟ್ಟೆನೋವು ಕೇಸ್‌ಗಳು ಸಾಯುವುದು ಇಲ್ಲೇ.

ಶಿವಮೊಗ್ಗ ಕಡೆಯವನು

ಆಸ್ಪತ್ರೆಯವರೇ ಇಲ್ಲಿ ಬಂದು ಕೇಳುತ್ತಿರುವುದು ಖುಷಿ. ನಮ್ಮ ಅನುಭವ ಕೇಳಿ. ಅಪ್ಪನಿಗೆ ರಾತ್ರಿ ಎದೆನೋವು. ಕರೆದುಕೊಂಡು ಹೋದೆವು. ಇಸಿಜಿ ತೆಗೆದರು, ರಕ್ತ ತೆಗೆದರು, ‘ಇವತ್ತು ಇಲ್ಲೇ ಇರಲಿ’ ಅಂದರು. ಬೇಡ ಅನ್ನೋಕಾಗುತ್ತಾ? ಮಾರನೇ ದಿನ ಎಲ್ಲ ನಾರ್ಮಲ್ ಅಂತ ಕಳಿಸಿದರು. ಡೆಸ್ಕಿನಲ್ಲಿ ಕೇಳಿದಾಗ ‘ಕ್ಯಾಶ್‌ಲೆಸ್ ಇದೆ, ತಲೆ ಕೆಡಿಸಿಕೊಳ್ಳಬೇಡಿ’ ಅಂದಿದ್ದರು. ಮಧ್ಯಾಹ್ನ ಡಿಸ್ಚಾರ್ಜ್ ಹೊತ್ತಿಗೆ ರಿಜೆಕ್ಟ್. ಕೈಯಿಂದ ಕಟ್ಟಿ ಬಂದೆವು. ಹಾರ್ಟ್ ಅಟ್ಯಾಕ್ ಆಗಿದ್ದರೆ ದುಡ್ಡು ಬರುತ್ತಿತ್ತು, ಆಗಲಿಲ್ಲ ಅನ್ನುವ ತಪ್ಪಿಗೆ ಬರಲಿಲ್ಲ. ಇದೆಂಥಾ ನ್ಯಾಯ?

ಮಾಜಿ ಟಿಪಿಎ ಡಾಕ್ಟರ್

ನಿಮ್ಮ ಸಿಟ್ಟು ಸರಿ ಇದೆ. ಅಡ್ಮಿಟ್ ಮಾಡುವಾಗ ಡಾಕ್ಟರಿಗೆ ಏನು ಗೊತ್ತಿತ್ತೋ ಅದರ ಮೇಲೆ ನಿರ್ಧಾರ ಆಗಬೇಕು, ಬೆಳಿಗ್ಗೆ ಬಂದ ರಿಪೋರ್ಟ್ ಮೇಲಲ್ಲ. ಆದರೆ ಅಡ್ಮಿಷನ್ ನೋಟ್‌ನಲ್ಲಿ ‘ಆಬ್ಸರ್ವೇಷನ್‌ಗೆ’ ಅಂತ ಒಂದೇ ಪದ ಇತ್ತು ಅಂತಿಟ್ಟುಕೊಳ್ಳಿ. ಓದುವವನಿಗೆ ಅದು ಪರೀಕ್ಷೆಗೋಸ್ಕರ ಅಡ್ಮಿಷನ್.

ಅದೇ ಡಾಕ್ಟರ್ ಹೀಗೆ ಬರೆಯಬಹುದಿತ್ತು: ‘ಎಡ ತೋಳಿಗೆ ಹರಡುವ ಎದೆನೋವು, ಬೆವರು. ಹೃದಯಾಘಾತದ ಶಂಕೆ. ಮೊದಲ ಟ್ರೋಪೋನಿನ್ ನಾರ್ಮಲ್, ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು. ಅಲ್ಲಿಯವರೆಗೆ ಮಾನಿಟರ್ ಬೇಕು. ಇಂಥಿಂಥ ಔಷಧ ಶುರು ಮಾಡಿದೆ.’ ನಡೆದದ್ದು ಅದೇ, ಕೊಟ್ಟ ಚಿಕಿತ್ಸೆಯೂ ಅದೇ. ಮೊದಲ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟು ಬಿದ್ದಿದೆಯೇ ಅಂತ ತೋರಿಸುವ ರಕ್ತಪರೀಕ್ಷೆ) ನಾರ್ಮಲ್ ಬಂದರೂ ಹೃದಯಾಘಾತ ಇಲ್ಲ ಅನ್ನುವಂತಿಲ್ಲ ಅಂತ ಎಲ್ಲ ಡಾಕ್ಟರಿಗೂ ಗೊತ್ತು. ಆದರೆ ಗೊತ್ತಿರುವುದು ಕಾಗದಕ್ಕೆ ಇಳಿಯುವುದಿಲ್ಲ.

ಡೆಂಗಿಯದ್ದೂ ಇದೇ ಕತೆ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು, ನೆನಪಿರಬೇಕು. ಆದರೂ ಡೆಂಗಿ ಬಂದವರೆಲ್ಲ ಅಡ್ಮಿಟ್ ಆಗಬೇಕಿಲ್ಲ. ಯಾರು ಆಗಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆಯ ಲಕ್ಷಣಗಳನ್ನು ಹೇಳಿದೆ: ಬಿಡದ ವಾಂತಿ, ಹೊಟ್ಟೆನೋವು, ವಸಡು ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಪ್ಲೇಟ್‌ಲೆಟ್ ಇಳಿಯುತ್ತಾ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ) ಏರುವುದು. ಓಪಿ ಚೀಟಿಯಲ್ಲಿ ‘ಜ್ವರ 4 ದಿನ, ಎನ್‌ಎಸ್1 ಪಾಸಿಟಿವ್, ಅಡ್ಮಿಟ್’ (ಎನ್‌ಎಸ್1 ಅಂದರೆ ಡೆಂಗಿ ಪರೀಕ್ಷೆ) ಅಂತಿದ್ದರೆ ‘ಓಪಿಡಿಯಲ್ಲೇ ನೋಡಬಹುದಿತ್ತು’ ಅನ್ನುವ ಉತ್ತರ ಬರುತ್ತದೆ. ಪೇಷೆಂಟ್ ಮೂರು ಸಲ ವಾಂತಿ ಮಾಡಿಕೊಂಡು ಕುಡಿದ ನೀರೂ ನಿಲ್ಲುತ್ತಿರಲಿಲ್ಲ ಅನ್ನುವುದು ಆ ಚೀಟಿಯಲ್ಲಿ ಇರುವುದೇ ಇಲ್ಲ.

ಗುಂಡ ಗೋವಿಂದ

ಇಷ್ಟೆಲ್ಲ ಯಾಕೆ? ಸುಮ್ನೆ 24 ಗಂಟೆ ಅಡ್ಮಿಟ್ ತೋರಿಸಿಬಿಡಿ. ಎಲ್ಲರೂ ಮಾಡೋದು ಅದೇ ಅಲ್ವಾ?

ಮಾಜಿ ಟಿಪಿಎ ಡಾಕ್ಟರ್

ಗೋವಿಂದಪ್ಪ, ದಯವಿಟ್ಟು ಬೇಡ. ಇದು ಮೋಸ, ಅದು ಮೊದಲ ಮಾತು. ಎರಡನೆಯದು, ಇದು ಸಿಕ್ಕಿಬೀಳುತ್ತದೆ. ನರ್ಸಿಂಗ್ ಚಾರ್ಟಿನಲ್ಲಿ ರಾತ್ರಿಯ ಬಿಪಿ ಎಲ್ಲ ಒಂದೇ ಕೈಬರಹ, ಒಂದೇ ಪೆನ್ನು. ಫಾರ್ಮಸಿಯಿಂದ ಔಷಧ ಹೋದ ಹೊತ್ತು ಬೇರೆ. ಲ್ಯಾಬಿಗೆ ಸ್ಯಾಂಪಲ್ ಬಂದ ಹೊತ್ತು ಬೇರೆ. ತನಿಖೆಯವರು ಪೇಷೆಂಟ್ ಮನೆಗೇ ಹೋಗಿ ‘ರಾತ್ರಿ ಊಟ ಏನು ಕೊಟ್ಟರು ಅಮ್ಮಾ’ ಅಂತ ಕೇಳುತ್ತಾರೆ. ‘ರಾತ್ರಿ ಮನೆಗೆ ಬಂದುಬಿಟ್ಟೆ ಕಣಪ್ಪ’ ಅಂತ ಅವರು ನಿಜ ಹೇಳುತ್ತಾರೆ. ಪೇಷೆಂಟಿನ ಪಾಲಿಸಿ ರದ್ದಾಗಬಹುದು, ಆಸ್ಪತ್ರೆ ನೆಟ್‌ವರ್ಕ್ ಪಟ್ಟಿಯಿಂದ ಹೊರಗೆ ಬೀಳಬಹುದು. ಅದೂ ಅಲ್ಲದೆ, ಚಿಕಿತ್ಸೆ ಇಲ್ಲದೆ 24 ಗಂಟೆ ಮಲಗಿಸಿದರೆ ಎಕ್ಸ್‌ಕ್ಲೂಷನ್ 04ಕ್ಕೆ ನೀವೇ ಸಾಕ್ಷಿ ಒದಗಿಸಿದಂತೆ.

ಓಪಿಡಿ ರೂಮ್ ನಂಬರ್ 3

ನಾನು ಜನರಲ್ ಮೆಡಿಸಿನ್ ಡಾಕ್ಟರ್. ಮೇಲೆ ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ಸೋಮವಾರ ಬೆಳಿಗ್ಗೆ ಹೊರಗೆ ಬೆಂಚು ತುಂಬಿರುತ್ತದೆ. ಬಾಗಿಲು ಅರ್ಧ ತೆಗೆದು ಒಬ್ಬರು ‘ಡಾಕ್ಟ್ರೇ, ಬರೀ ರಿಪೋರ್ಟ್ ತೋರಿಸೋದು’ ಅಂತ ಇಣುಕುತ್ತಾರೆ. ಆ ಹೊತ್ತಿನಲ್ಲಿ ವಿಮೆ ಕಂಪನಿಗೆ ಒಪ್ಪುವ ಹಾಗೆ ಪ್ರಬಂಧ ಬರೆಯಲು ಆಗುವುದಿಲ್ಲ. ನಾವು ಬರೆಯುವುದು ಮುಂದಿನ ಡಾಕ್ಟರಿಗೆ ಅರ್ಥವಾಗಲಿ ಅಂತ.

ಇನ್ನು ಹಿಸ್ಟರಿ ವಿಷಯ. ಇದನ್ನು ಯಾರೂ ಎತ್ತಿಲ್ಲ, ನನ್ನ ಪ್ರಕಾರ ಇದೇ ಅತಿ ದೊಡ್ಡದು. ಬಿಪಿ ಎಷ್ಟು ದಿನದಿಂದ ಇದೆ ಅಂತ ಕೇಳುತ್ತೇವೆ. ‘ಆಯ್ತು ಸಾರ್, ಒಂದ್ ಹತ್ತು ವರ್ಷ’ ಅನ್ನುತ್ತಾರೆ. ನಮ್ಮ ಜನರಿಗೆ ಹತ್ತು ವರ್ಷ ಅಂದರೆ ‘ಬಹಳ ದಿನ’ ಅಂತ ಅಷ್ಟೇ. ಇಂಟರ್ನ್ ಅದನ್ನು ಹಾಗೇ ಬರೆಯುತ್ತಾನೆ: ಬಿಪಿ, 10 ವರ್ಷ. ಪಾಲಿಸಿ ತೆಗೆದು ನಾಲ್ಕು ವರ್ಷ ಆಗಿರುತ್ತದೆ. ಫಾರ್ಮಿನಲ್ಲಿ ಬಿಪಿ ಹೇಳಿರುವುದಿಲ್ಲ, ಯಾಕೆಂದರೆ ಆಗ ನಿಜಕ್ಕೂ ಇರಲಿಲ್ಲ. ಮುಗಿಯಿತು. ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಪತ್ರ ಬರುತ್ತದೆ.

ಹಾಗಂತ ಹಿಸ್ಟರಿ ಬರೆಯದೆ ಬಿಡಿ ಅಂತ ಡೆಸ್ಕಿನವರು ಹೇಳಬಾರದು. ಕೆಲವು ಕಡೆ ಹೇಳುತ್ತಾರೆ, ಗೊತ್ತಿದೆ. ಅನಸ್ತೇಶಿಯಾ ಕೊಡುವವರಿಗೆ ಆ ಬಿಪಿ ಗೊತ್ತಾಗದೆ ಹೋದರೆ ಕ್ಲೇಮಿಗಿಂತ ದೊಡ್ಡದು ಹೋಗುತ್ತದೆ. ನಾನು ಈಗ ಮಾಡುವುದು ಇಷ್ಟು. ‘ಮೊದಲ ಸಲ ಯಾವ ಡಾಕ್ಟರು ಹೇಳಿದರು? ಆಗ ಯಾವ ಮಾತ್ರೆ ಕೊಟ್ಟರು? ಹಳೆ ಚೀಟಿ ಇದೆಯಾ?’ ಅಂತ ಕೇಳುತ್ತೇನೆ. ಮಗಳ ಮದುವೆ ಆದ ವರ್ಷ, ಕೊರೊನಾ ಬಂದ ವರ್ಷ, ಹೀಗೆ ಏನಾದರೂ ನೆನಪಾಗುತ್ತದೆ. ಚೀಟಿ ಇದ್ದರೆ ಅದರ ತಾರೀಕು ಬರೆಯುತ್ತೇನೆ. ಇಲ್ಲದಿದ್ದರೆ ‘ಪೇಷೆಂಟ್ ಹೇಳಿದಂತೆ, ಅಂದಾಜು, ದಾಖಲೆ ಇಲ್ಲ’ ಅಂತ ಬರೆಯುತ್ತೇನೆ. ಒಂದು ಸಲ ಬರೆದದ್ದನ್ನು ಹೊಡೆದು ಹಾಕುವುದಿಲ್ಲ. ತಿದ್ದಬೇಕಾದರೆ ಕೆಳಗೆ ತಾರೀಕು, ಸಹಿ ಹಾಕಿ ಸೇರಿಸುತ್ತೇನೆ.

ಮಾಜಿ ಟಿಪಿಎ ಡಾಕ್ಟರ್

ಡಾಕ್ಟ್ರೇ, ಇದು ಬಹಳ ಮುಖ್ಯ. ಜೊತೆಗೆ ಎರಡು ಅಂಕಿ. 2024ರ ಏಪ್ರಿಲ್ 1ರಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಮೊದಲು 48 ಇತ್ತು. ಪಾಲಿಸಿ ತಪ್ಪದೆ 60 ತಿಂಗಳು ನಡೆದಿದ್ದರೆ, ಮೋಸ ಅಂತ ಸಾಬೀತು ಮಾಡದ ಹೊರತು ‘ನೀವು ಹೇಳಿರಲಿಲ್ಲ’ ಅಂತ ಕ್ಲೇಮ್ ತಳ್ಳುವಂತಿಲ್ಲ. ಇದು ಮೊದಲು 8 ವರ್ಷ ಇತ್ತು. ಹಾಗಾಗಿ ಡೆಸ್ಕಿನವರು ಪಾಲಿಸಿ ಮೊದಲು ಶುರುವಾದ ತಾರೀಕನ್ನು ಕೇಳಲೇಬೇಕು. ಪೇಷೆಂಟ್ ತರುವುದು ಈ ವರ್ಷದ ಕಾರ್ಡು ಮಾತ್ರ. ಕಂಪನಿ ಬದಲಿಸಿ ಪೋರ್ಟ್ ಮಾಡಿಸಿಕೊಂಡಿದ್ದರಂತೂ ಹಳೆ ಕಂಪನಿಯ ವರ್ಷಗಳು ಕಾಣುವುದೇ ಇಲ್ಲ.

ರಾತ್ರಿ ಪಾಳಿ

ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಕ್ಲೇಮ್ ಹಿಂದೆ ಬೀಳುವ ಕೆಲಸ ಮಾಡುತ್ತೇನೆ. ಎಆರ್ ಕಾಲಿಂಗ್ ಅನ್ನುತ್ತಾರೆ. ಊರೆಲ್ಲ ಮಲಗಿದ ಮೇಲೆ ನಮ್ಮ ಆಫೀಸು ಶುರು. ಅಲ್ಲಿ ಓಪಿಡಿ ಸಾಮಾನ್ಯವಾಗಿ ವಿಮೆಯಲ್ಲೇ ಬರುತ್ತದೆ, ಹಾಗಾಗಿ ಜಗಳದ ಸ್ವರೂಪ ಬೇರೆ. ಆದರೆ ಬೇರು ಒಂದೇ ಅಂತ ಈ ಚರ್ಚೆ ಓದಿದಾಗ ಅನ್ನಿಸಿತು.

ಅಲ್ಲಿ ಪ್ರತಿ ರಿಜೆಕ್ಷನ್‌ಗೂ ಒಂದು ಕೋಡ್ ಇರುತ್ತದೆ. ಸಿಒ-197 ಅಂದರೆ ಮೊದಲೇ ಅನುಮತಿ ತೆಗೆದುಕೊಂಡಿಲ್ಲ. ಸಿಒ-16 ಅಂದರೆ ಮಾಹಿತಿ ಕಮ್ಮಿ ಇದೆ ಅಥವಾ ತಪ್ಪಿದೆ. ಸಿಒ-11, ಬರೆದ ರೋಗಕ್ಕೂ ಮಾಡಿದ ಚಿಕಿತ್ಸೆಗೂ ತಾಳೆ ಆಗುತ್ತಿಲ್ಲ. ಸಿಒ-50, ಈ ಚಿಕಿತ್ಸೆ ಅಗತ್ಯ ಇರಲಿಲ್ಲ. ಸಿಒ-29, ಗಡುವು ಮೀರಿದೆ. ಅಲ್ಲಿನ ಸರ್ಕಾರದ ವಿಮೆಯಾದ ಮೆಡಿಕೇರ್‌ಗಾದರೆ ಚಿಕಿತ್ಸೆ ಆದ ದಿನದಿಂದ ಒಂದು ವರ್ಷದೊಳಗೆ ಕಳಿಸಬೇಕು. ರಾತ್ರಿಯೆಲ್ಲ ಫೋನ್ ಹಿಡಿದು ಹೋಲ್ಡ್ ಮ್ಯೂಸಿಕ್ ಕೇಳಿ ಕೊನೆಗೆ ಗೊತ್ತಾಗುವುದೇನು? ಮುಂದಿನ ಕೌಂಟರಿನಲ್ಲಿ ಯಾರೋ ಹುಟ್ಟಿದ ತಾರೀಕು ತಪ್ಪು ಹೊಡೆದಿದ್ದಾರೆ. ಇಲ್ಲ ಅಂದರೆ ಪೇಷೆಂಟಿನ ಪಾಲಿಸಿ ಹೋದ ತಿಂಗಳೇ ಬದಲಾಗಿದೆ.

ನೀವು ಇವತ್ತೇ ಶುರು ಮಾಡಬಹುದಾದದ್ದು ಒಂದು ನೋಟ್‌ಬುಕ್ಕು ಅಥವಾ ಎಕ್ಸೆಲ್ ಶೀಟು. ವಾಪಸ್ ಬಂದ ಪ್ರತಿ ಕ್ಲೇಮಿಗೂ ಎರಡು ಕಾಲಂ. ಮೊದಲನೆಯದು ಕಂಪನಿ ಬರೆದ ಕಾರಣ. ಎರಡನೆಯದು ಇದನ್ನು ನಮ್ಮಲ್ಲಿ ಯಾರು, ಯಾವಾಗ ತಡೆಯಬಹುದಿತ್ತು ಅನ್ನುವುದು. ಎರಡನೇ ಕಾಲಂ ಬರೆಯಲು ಧೈರ್ಯ ಬೇಕು, ಯಾಕೆಂದರೆ ಅದರಲ್ಲಿ ಸೀನಿಯರ್ ಡಾಕ್ಟರ ಹೆಸರೂ ಬರುತ್ತದೆ. ಸ್ವಲ್ಪ ದಿನ ಬರೆದರೆ ಮತ್ತೆ ಮತ್ತೆ ಅದೇ ಮೂರು ನಾಲ್ಕು ಜಾಗ ಕಾಣುತ್ತವೆ. ಅವನ್ನು ಮಾತ್ರ ಹಿಡಿಯಿರಿ. ಎಲ್ಲವನ್ನೂ ಸರಿ ಮಾಡಲು ಹೊರಟರೆ ಯಾವುದೂ ಆಗುವುದಿಲ್ಲ.

ಇನ್ನೊಂದು, ಅಪಾಯಿಂಟ್‌ಮೆಂಟ್ ಇರುವ ಡೇ ಕೇರ್ ಕೇಸ್‌ಗಳಿಗೆ ಪಾಲಿಸಿ ಚಾಲ್ತಿಯಲ್ಲಿದೆಯೇ, ಇದಕ್ಕೆ ಮಿತಿ ಎಷ್ಟು ಅಂತ ಹಿಂದಿನ ದಿನವೇ ನೋಡಿ. ಪೇಷೆಂಟ್ ಓಟಿ ಬಟ್ಟೆ ಹಾಕಿಕೊಂಡು ಕೂತ ಮೇಲೆ ನೋಡಿದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಕರಾವಳಿ ಕಣ್ಣು

ಮಂಗಳೂರು ಕಡೆ ಒಂದು ಕಣ್ಣಾಸ್ಪತ್ರೆಯಲ್ಲಿ ಕೆಲಸ. ನಮ್ಮದು ಪೂರ್ತಿ ಡೇ ಕೇರ್ ವ್ಯಾಪಾರ, ಹಾಗಾಗಿ ಈ ಪೆಟ್ಟು ತಿಂದು ತಿಂದು ಕಲಿತಿದ್ದೇವೆ.

ಕಣ್ಣಿಗೆ ಇಂಜೆಕ್ಷನ್ ಅಂದಾಗ ನಾವು ಡೇ ಕೇರ್ ನಂಬರ್ ಕೊಟ್ಟೇ ಶುರು ಮಾಡುವುದು, ಓಪಿ ನಂಬರಿನಲ್ಲಿ ಬಿಲ್ ಮಾಡುವುದೇ ಇಲ್ಲ. ಓಸಿಟಿ ಪ್ರಿಂಟ್, ಔಷಧದ ಹೆಸರು, ಡಬ್ಬಿ ಮೇಲಿನ ಬ್ಯಾಚ್ ಸ್ಟಿಕರ್, ಯಾವ ಕಣ್ಣು, ಎಷ್ಟನೇ ಡೋಸ್, ಓಟಿ ನೋಟ್ಸ್, ಹನಿ ಹಾಕಿ ಮರಗಟ್ಟಿಸಿದ ವಿವರ, ಡಿಸ್ಚಾರ್ಜ್ ಸಮ್ಮರಿ. ಒಂದೂವರೆ ಗಂಟೆಯ ಕೆಲಸಕ್ಕೂ ಡಿಸ್ಚಾರ್ಜ್ ಸಮ್ಮರಿ ಬೇಕು. ಪೊರೆ ಆಪರೇಷನ್ ಆದರೆ ಲೆನ್ಸಿನ ಸ್ಟಿಕರ್ ಮತ್ತು ಇನ್‌ವಾಯ್ಸ್. ಎಡ ಬಲ ಅದಲು ಬದಲಾದ ಫೈಲ್ ಹೋದರೆ ಅದು ಕ್ವೆರಿಯಲ್ಲಿ ನಿಲ್ಲುವುದಿಲ್ಲ, ಅನುಮಾನವಾಗುತ್ತದೆ.

ನಮ್ಮಲ್ಲಿ ಜಗಳ ಅತಿ ಜಾಸ್ತಿ ಇದ್ದದ್ದು ಪೂರ್ತಿ ರಿಜೆಕ್ಟ್ ಆದದ್ದಕ್ಕಲ್ಲ ಮಾರಾಯ್ರೆ, ಅರ್ಧ ಕಡಿತ ಆದದ್ದಕ್ಕೆ. ಆರೋಗ್ಯ ಸಂಜೀವಿನಿಯಲ್ಲಿ ಪೊರೆಗೆ ಒಂದು ಕಣ್ಣಿಗೆ 40,000 ರೂಪಾಯಿ ಅಥವಾ ವಿಮಾ ಮೊತ್ತದ 25%, ಯಾವುದು ಕಡಿಮೆಯೋ ಅದು. ಒಂದು ಲಕ್ಷದ ಪಾಲಿಸಿ ಇದ್ದವರಿಗೆ 25,000 ಮಾತ್ರ. ಅದರ ಮೇಲೆ 5% ಪೇಷೆಂಟಿನ ಪಾಲು. ಅವರು ದುಬಾರಿ ಲೆನ್ಸ್ ಆರಿಸಿಕೊಂಡಿರುತ್ತಾರೆ. ಇದನ್ನು ಲೆನ್ಸ್ ಆರಿಸುವ ಮೊದಲೇ ಕಾಗದದಲ್ಲಿ ಬರೆದು ಕೊಟ್ಟು ಸಹಿ ತೆಗೆದುಕೊಳ್ಳಲು ಶುರು ಮಾಡಿದೆವು. ಕೌಂಟರಿನಲ್ಲಿ ಗಲಾಟೆ ನಿಂತೇ ಹೋಯಿತು ಅನ್ನಬಹುದು.

ಶಿವಮೊಗ್ಗ ಕಡೆಯವನು

ಇದು ನೋಡಿ ಬೇಕಾಗಿದ್ದದ್ದು. ‘ತಲೆ ಕೆಡಿಸಿಕೊಳ್ಳಬೇಡಿ’ ಅನ್ನುವ ಬದಲು ‘ಇದು ಬರಬಹುದು, ಇದು ಬರಲಿಕ್ಕಿಲ್ಲ’ ಅಂತ ಹೇಳಿದ್ದರೆ ನಮಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಎಚ್‌ಆರ್ ಅಕ್ಕ

ಕಂಪನಿ ಗ್ರೂಪ್ ಪಾಲಿಸಿ ಕಡೆಯಿಂದ ಎರಡು ಮಾತು. ನಮ್ಮಲ್ಲಿ ಓಪಿಡಿ ಸೌಲಭ್ಯವೇ ಇದೆ, ವರ್ಷಕ್ಕೆ ಇಷ್ಟು ಅಂತ. ಅಂದರೆ ‘ಓಪಿಡಿ ಬರುವುದಿಲ್ಲ’ ಅನ್ನುವ ಪ್ರಶ್ನೆಯೇ ಇಲ್ಲ. ಆದರೂ ಬಿಲ್ಲುಗಳು ವಾಪಸ್ ಬರುತ್ತವೆ, ಅದೂ ಎಂಥ ಕಾರಣಕ್ಕೆ!

ಹೆಸರು. ನಮ್ಮ ಕಡೆ ಇನಿಷಿಯಲ್ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ. ಕಾರ್ಡಿನಲ್ಲಿ ‘ಮಂಜುನಾಥ ಬಿ.’, ಆಸ್ಪತ್ರೆ ರಸೀದಿಯಲ್ಲಿ ‘ಬಿ. ಮಂಜುನಾಥ್’, ಲ್ಯಾಬ್ ರಿಪೋರ್ಟಿನಲ್ಲಿ ‘ಮಂಜು’. ಮೆಡಿಕಲ್ ಶಾಪಿನವರು ಬಿಲ್ಲಿನಲ್ಲಿ ‘ಕ್ಯಾಶ್’ ಅಂತಲೇ ಹಾಕಿರುತ್ತಾರೆ. ಒಂದೇ ಮನುಷ್ಯ ಅಂತ ನನಗೆ ಗೊತ್ತು, ಸಾಫ್ಟ್‌ವೇರಿಗೆ ಗೊತ್ತಿಲ್ಲ. ರಿಜಿಸ್ಟ್ರೇಷನ್ ಕೌಂಟರಿನಲ್ಲಿ ‘ಹೆಸರೇನು’ ಅಂತ ಕೇಳಿ ಬರೆದುಕೊಳ್ಳುವ ಬದಲು ವಿಮೆ ಕಾರ್ಡು ನೋಡಿ ಅದರಲ್ಲಿದ್ದ ಹಾಗೇ ಬರೆದರೆ ಅರ್ಧ ತೊಂದರೆ ಕಡಿಮೆ.

ಕನ್ಸಲ್ಟೇಷನ್ ರಸೀದಿಗೆ ನಂಬರ್ ಇರುವುದಿಲ್ಲ. ಟೆಸ್ಟ್ ಬಿಲ್ ಇರುತ್ತದೆ, ಬರೆದುಕೊಟ್ಟ ಚೀಟಿ ಇರುವುದಿಲ್ಲ. ಡಾಕ್ಟರು ಬಾಯಲ್ಲೇ ‘ವಿಟಮಿನ್ ಡಿ ಮಾಡಿಸಿ’ ಅಂದಿರುತ್ತಾರೆ. ಚೀಟಿಯಲ್ಲಿ ರೋಗದ ಹೆಸರೇ ಇರುವುದಿಲ್ಲ, ಬರೀ ಮಾತ್ರೆಗಳು. ಒಂದೇ ಒಂದು ಪದ, ‘ಆಸಿಡಿಟಿ’ ಅಂತಾದರೂ ಬರೆದರೆ ಸಾಕು.

ಮಿತ್ರ

ಸರ್ಕಾರಿ ಯೋಜನೆ ಕಡೆ ಕೆಲಸ ಮಾಡಿದ್ದೇನೆ. ಚಿಕ್ಕದಾಗಿ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮೊದಲೇ ಇದ್ದ ಕಾಯಿಲೆ ಅನ್ನುವ ಗಲಾಟೆ ಇಲ್ಲ, ಕಾಯುವ ಅವಧಿಯೂ ಇಲ್ಲ. ಆದರೆ ಓಪಿಡಿ ಸೇರುವುದಿಲ್ಲ. ಜನ ಕಾರ್ಡ್ ಹಿಡಿದು ಬಂದು ಎಂಆರ್‌ಐ ಮಾಡಿ ಅನ್ನುತ್ತಾರೆ, ಆಗುವುದಿಲ್ಲ ಅಂದರೆ ಬೈಯುತ್ತಾರೆ. ಪಿಎಂಜೆಎವೈ (ಇದೇ ಯೋಜನೆಯ ಕೇಂದ್ರದ ಭಾಗ) ಪ್ಯಾಕೇಜಿನಲ್ಲಿ ಅಡ್ಮಿಷನ್‌ಗೆ ಮುಂಚಿನ 3 ದಿನ, ಡಿಸ್ಚಾರ್ಜ್ ನಂತರದ 15 ದಿನದ ಖರ್ಚು ಸೇರಿರುತ್ತದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದನ್ನು ಓಪಿಡಿ ಕೌಂಟರಿನಲ್ಲೇ ಹೇಳಿದರೆ ಆ ಅಜ್ಜ ಅಜ್ಜಿಯರಿಗೆ ಎರಡು ಸಲ ಬಸ್ ಹತ್ತುವ ಕೆಲಸ ತಪ್ಪುತ್ತದೆ.

ದಾವಣಗೆರೆ ಡೆಸ್ಕ್

ಅಡ್ಮಿಷನ್‌ಗೆ ಮುಂಚಿನ ಖರ್ಚು ಅಂದಾಗ ನೆನಪಾಯಿತು. ಖಾಸಗಿ ಪಾಲಿಸಿಗಳಲ್ಲಿ ಮೊದಲಿನ 30 ದಿನ, ನಂತರದ 60 ದಿನ ಅಂತ ಸಾಮಾನ್ಯವಾಗಿ ಇರುತ್ತದೆ ಅಲ್ವಾ. ಆದರೂ ಆ ಓಪಿಡಿ ಬಿಲ್ಲುಗಳು ಯಾಕೆ ಕಟ್ ಆಗುತ್ತವೆ?

ಮಾಜಿ ಟಿಪಿಎ ಡಾಕ್ಟರ್

ಅದೇ ಕಾಯಿಲೆಗೆ ಸಂಬಂಧಪಟ್ಟದ್ದು ಅಂತ ಕಾಣಬೇಕು. ಮೊದಲ ಚೀಟಿಯಲ್ಲಿ ‘ಗ್ಯಾಸ್ಟ್ರೈಟಿಸ್’, ಮೂರು ವಾರದ ನಂತರ ಪಿತ್ತಕೋಶದ ಕಲ್ಲಿನ ಆಪರೇಷನ್. ನಡುವೆ ಸ್ಕ್ಯಾನ್. ಓದುವವನಿಗೆ ಮೊದಲಿನ ಬಿಲ್ಲು ಬೇರೆ ಕಾಯಿಲೆಯದ್ದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಸಾಲು ಸೇರಿಸಿ: ‘ಇಂಥ ದಿನ ಹೊಟ್ಟೆನೋವಿಗೆ ಓಪಿಡಿಗೆ ಬಂದರು, ಗ್ಯಾಸ್ಟ್ರೈಟಿಸ್ ಅಂತ ಔಷಧ ಕೊಟ್ಟೆವು, ಕಡಿಮೆಯಾಗದೆ ಸ್ಕ್ಯಾನ್ ಮಾಡಿದಾಗ ಕಲ್ಲು ಕಂಡಿತು.’ ಅಷ್ಟೇ. ಮುಖ್ಯ ಕ್ಲೇಮ್ ಪಾಸ್ ಆಗದೆ ಇದೊಂದೇ ಪಾಸ್ ಆಗುವುದಿಲ್ಲ, ಅದೂ ನೆನಪಿರಲಿ.

ನಿವೃತ್ತ ಬ್ಯಾಂಕಿನವರು

ಚರ್ಚೆ ತಡೆಯುವುದರ ಬಗ್ಗೆ, ಆದರೂ ವಾಪಸ್ ಬಂದವರಿಗೆ ಒಂದು ಮಾತು. 2024ರ ಮೇ 29ರ ಐಆರ್‌ಡಿಎಐ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಲೇಮ್ ರಿವ್ಯೂ ಕಮಿಟಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಪಾಲಿಸಿಯ ಯಾವ ಷರತ್ತಿನ ಕೆಳಗೆ ಅಂತ ಪತ್ರದಲ್ಲಿ ಹೇಳಲೇಬೇಕು. ‘ಓಪಿಡಿ ಚಿಕಿತ್ಸೆ’ ಅಂತ ಸುಮ್ನೆ ಬರೆದಿದ್ದರೆ ಷರತ್ತಿನ ನಂಬರ್ ಕೇಳಿ ಈಮೇಲ್ ಮಾಡಿ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತಲೂ ಅದರಲ್ಲೇ ಇದೆ.

ಕಂಪನಿಯ ದೂರು ವಿಭಾಗಕ್ಕೆ ಬರೆದು 30 ದಿನ ಕಾದು, ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆ ದೂರು ಕೇಳುವ ಅಧಿಕಾರಿ. ನಮ್ಮ ರಾಜ್ಯದ್ದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ದೂರು ಕೇಳುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿಯೂ ಅವರು ಕೇಳುವುದು ಅದೇ ಓಪಿ ಚೀಟಿ, ಅದೇ ಕೇಸ್ ಶೀಟ್.

ದಾವಣಗೆರೆ ಡೆಸ್ಕ್

ಅಪ್‌ಡೇಟ್ ಕೊಡುತ್ತಿದ್ದೇನೆ, ಸ್ವಲ್ಪ ತಡವಾಯಿತು.

ರಾತ್ರಿ ಪಾಳಿಯವರು ಹೇಳಿದ ಎರಡು ಕಾಲಂ ಶೀಟ್ ಶುರು ಮಾಡಿದೆವು. ಕಂಪನಿಯ ಕಾಲಂನಲ್ಲಿ ಬಗೆಬಗೆಯ ಭಾಷೆ ಇದೆ. ನಮ್ಮ ಕಾಲಂನಲ್ಲಿ ಮಾತ್ರ ಮತ್ತೆ ಮತ್ತೆ ಬಂದದ್ದು ಓಪಿ ಚೀಟಿಯೇ. ಅಡ್ಮಿಟ್ ಯಾಕೆ ಅಂತ ಬರೆದಿಲ್ಲ, ಕಾಯಿಲೆ ಯಾವಾಗಿನಿಂದ ಅಂತ ಸರಿಯಾಗಿ ಕೇಳಿಲ್ಲ, ಡೇ ಕೇರ್ ಆಗಬೇಕಾದದ್ದು ಓಪಿ ನಂಬರಿನಲ್ಲಿ ಬಿಲ್ ಆಗಿದೆ. ಹೆಸರಿನ ಗೊಂದಲ ನಾಲ್ಕನೆಯದು.

ಡಾಕ್ಟರುಗಳ ಹತ್ತಿರ ಹೋಗಿ ‘ವಿಮೆಗೋಸ್ಕರ ಜಾಸ್ತಿ ಬರೆಯಿರಿ’ ಅಂದರೆ ಒದೆ ತಿನ್ನುತ್ತಿದ್ದೆವು. ಹಾಗಾಗಿ ಚೀಟಿಯ ಕೆಳಗೆ ಒಂದು ಸೀಲ್ ಮಾಡಿಸಿದೆವು. ‘ಅಡ್ಮಿಟ್ ಮಾಡಲು ಕಾರಣ’, ಮುಂದೆ ಖಾಲಿ ಗೆರೆ. ‘ಓಪಿಡಿಯಲ್ಲಿ ಯಾಕೆ ಸಾಧ್ಯವಿಲ್ಲ’, ಮುಂದೆ ಖಾಲಿ ಗೆರೆ. ಅಡ್ಮಿಷನ್ ಬರೆದಾಗ ಮಾತ್ರ ಸಿಸ್ಟರ್ ಆ ಸೀಲ್ ಒತ್ತಿ ಮುಂದಿಡುತ್ತಾರೆ. ಇನ್ನೊಂದು, ಡೇ ಕೇರ್ ಪಟ್ಟಿಯಲ್ಲಿರುವ ಪ್ರೊಸೀಜರ್‌ಗಳಿಗೆ ಓಪಿ ನಂಬರಿನಲ್ಲಿ ಬಿಲ್ ಆಗದ ಹಾಗೆ ಸಾಫ್ಟ್‌ವೇರಿನಲ್ಲೇ ತಡೆ ಹಾಕಿಸಿದೆವು. ಎರಡಕ್ಕೂ ಖರ್ಚು ಬಂದದ್ದು ಸೀಲಿನದ್ದು ಮಾತ್ರ.

ಪೂರ್ತಿ ನಿಂತಿಲ್ಲ. ಆದರೆ ‘ಓಪಿಡಿಯಲ್ಲೇ ನೋಡಬಹುದಿತ್ತು’ ಅನ್ನುವ ಪತ್ರಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿವೆ. ಕಣ್ಣಿನ ಆ ಅಮ್ಮನ ಕೇಸ್‌ಗೆ ಓಟಿ ನೋಟ್ಸ್, ಓಸಿಟಿ ಎಲ್ಲ ಸೇರಿಸಿ 2019ರ ಪಟ್ಟಿಯನ್ನು ಉಲ್ಲೇಖಿಸಿ ಮತ್ತೆ ಕಳಿಸಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಓಪಿಡಿ ರೂಮ್ ನಂಬರ್ 3

ಸೀಲ್ ಒಳ್ಳೆಯ ಐಡಿಯಾ. ಒಂದು ಎಚ್ಚರಿಕೆ. ಸ್ವಲ್ಪ ದಿನ ಆದ ಮೇಲೆ ಆ ಗೆರೆಯಲ್ಲಿ ಎಲ್ಲರಿಗೂ ‘ನಿತ್ರಾಣ, ಐವಿ ಬೇಕು’ ಅಂತ ಒಂದೇ ಮಾತು ಬರಲು ಶುರುವಾಗುತ್ತದೆ. ನಮ್ಮಲ್ಲಿ ಕಂಪ್ಯೂಟರ್ ಟೆಂಪ್ಲೇಟ್ ಇಟ್ಟಾಗ ಹಾಗೇ ಆಯಿತು. ಆರು ವರ್ಷದ ಮಗುವಿಗೂ ಅರವತ್ತರ ಮುದುಕರಿಗೂ ಒಂದೇ ವಾಕ್ಯ. ಟಿಪಿಎಯವರು ಅದನ್ನೂ ಹಿಡಿದು ಕೇಳಿದರು. ವಾರಕ್ಕೊಮ್ಮೆ ಕೆಲವು ಚೀಟಿ ತೆಗೆದು ಯಾರಾದರೂ ಓದಲಿ.

ಕರಾವಳಿ ಕಣ್ಣು

ಅಂದ ಹಾಗೆ ಡೆಸ್ಕಿನವರೇ, ಸೀಲಿನಲ್ಲಿ ಡಾಕ್ಟರ ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ರಿಜಿಸ್ಟ್ರೇಷನ್ ನಂಬರಿಗೂ ಜಾಗ ಇದೆ ತಾನೇ? ಸಂಜೆ ಓಪಿಡಿಗೆ ಬರುವ ವಿಸಿಟಿಂಗ್ ಡಾಕ್ಟರುಗಳು ಬರೀ ಸಹಿ ಹಾಕಿ ಹೋಗುತ್ತಾರೆ. ನಮಗೆ ಕ್ವೆರಿ ಬರುವುದು ಅಲ್ಲೇ.

ದಾವಣಗೆರೆ ಡೆಸ್ಕ್

ಇಲ್ಲ. ಅದನ್ನು ಸೇರಿಸಿ ಇವತ್ತೇ ಹೊಸ ಸೀಲಿಗೆ ಹೇಳುತ್ತೇನೆ.